"ಆಂಟೆನಾ ತಿರುಗ್ತಿಲ್ಲ ಸಾರ್": ರೊಟೇಟರ್ ಕಂಟ್ರೋಲರ್ ರಿಪೇರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಸದ್ಯ ಮೂರು ರೊಟೇಟರ್ ಬಾಕ್ಸುಗಳು ಮುಚ್ಚಳ ಬಿಚ್ಚಿಕೊಂಡು ಕೂತಿವೆ. ಹ್ಯಾಮ್ ರೇಡಿಯೋ ಹವ್ಯಾಸಿಗಳ ಟವರ್ ಮೇಲೆ ಆಂಟೆನಾ ತಿರುಗಿಸುವ ಮೋಟಾರೇ ರೊಟೇಟರ್, ಅದನ್ನು ಕೆಳಗಿನಿಂದ ನಡೆಸುವ ಕಂಟ್ರೋಲರೇ ಈ ಬಾಕ್ಸು. ಒಂದು ಮೂಡಿಗೆರೆ ಕಡೆಯ ತೋಟದ್ದು, ಒಂದು ಸಕಲೇಶಪುರದ್ದು, ಇನ್ನೊಂದು ಹಾಸನದಿಂದ ಬಸ್ಸಿನಲ್ಲಿ ಬಂದದ್ದು. ಮೂರರಲ್ಲಿ ಎರಡು ಕೆಟ್ಟೇ ಇಲ್ಲ. ಕೆಟ್ಟಿರುವುದು ಅವುಗಳ ಮೇಲಿನ ಕೇಬಲ್ಲು, ಕನೆಕ್ಟರು. ಬಾಕ್ಸು ಕೈಗೆ ಸಿಗುತ್ತದೆ, ಟವರ್ ಹತ್ತುವುದು ಕಷ್ಟ. ಹಾಗಾಗಿ ಎಲ್ಲರೂ ಬಾಕ್ಸನ್ನೇ ಬಿಚ್ಚುತ್ತಾರೆ. ಫೋನಿನಲ್ಲಿ, ಹ್ಯಾಮ್‌ಗಳು ರೇಡಿಯೋದಲ್ಲೇ ಸೇರುವ ಬೆಳಗಿನ ನೆಟ್‌ನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲೂ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ.

## ಶುರು ಮಾಡುವವರಿಗೆ

ಈ ಕಂಟ್ರೋಲರ್ ಮಾಡೋ ಕೆಲಸ ಏನು ಸಾರ್? ಬರೀ ಸ್ವಿಚ್ಚು ತಾನೆ?

ಹೆಚ್ಚುಕಡಿಮೆ ಹೌದು. ಟವರ್ ಮೇಲಿನ ಮೋಟಾರಿಗೆ ಎಡಕ್ಕೋ ಬಲಕ್ಕೋ ಕರೆಂಟ್ ಕೊಡುವುದು ಒಂದು ಕೆಲಸ. ಆಂಟೆನಾ ಈಗ ಯಾವ ಕಡೆ ನೋಡುತ್ತಿದೆ ಎಂದು ತೋರಿಸುವುದು ಇನ್ನೊಂದು. ಈ ಎರಡನೆಯದಕ್ಕಾಗಿ ಮೋಟಾರಿನ ಗೇರಿಗೆ ಒಂದು ಪಾಟ್ ಜೋಡಿಸಿರುತ್ತಾರೆ. ಹಳೇ ರೇಡಿಯೋದ ವಾಲ್ಯೂಮ್ ಕಂಟ್ರೋಲ್ ಇದ್ದ ಹಾಗೆ. ಆಂಟೆನಾ ತಿರುಗಿದಂತೆ ಅದೂ ತಿರುಗುತ್ತದೆ, ಅದರಿಂದ ಬರುವ ವೋಲ್ಟೇಜನ್ನು ಕೆಳಗಿನ ಮೀಟರ್ ಡಿಗ್ರಿಯಾಗಿ ತೋರಿಸುತ್ತದೆ. ಕೆಲವು ದೊಡ್ಡ ರೊಟೇಟರ್‌ಗಳಲ್ಲಿ ಮೂರನೆಯದೂ ಇದೆ: ಬ್ರೇಕ್. ಹೈಗೇನ್ ಕಂಪನಿಯ ಹ್ಯಾಮ್-4ರಲ್ಲಿ ಬೆಣೆಯಂಥ ಲೋಹದ ತುಂಡು ಹಲ್ಲುಗಳ ನಡುವೆ ಕೂತಿರುತ್ತದೆ, ಸಾಲಿನಾಯ್ಡ್ (ಕರೆಂಟ್ ಕೊಟ್ಟರೆ ಎಳೆಯುವ ಅಯಸ್ಕಾಂತ) ಅದನ್ನು ಎಳೆದ ಮೇಲಷ್ಟೇ ತಿರುಗುತ್ತದೆ.

ಮೋಟಾರು, ಪಾಟು, ಬ್ರೇಕು: ಮೂರಕ್ಕೂ ಬೇರೆ ಬೇರೆ ತಂತಿ. ಕಾಯಿಲೆ ಯಾವುದರದ್ದು ಎಂದು ಮೊದಲು ವಿಂಗಡಿಸಿದರೆ ಅರ್ಧ ರಿಪೇರಿ ಆದಂತೆ.

ನನಗಿನ್ನೂ ಲೈಸೆನ್ಸ್ ಬಂದಿಲ್ಲ. ರೊಟೇಟರ್ ರಿಪೇರಿ ಮಾಡಬಹುದಾ?

ಧಾರಾಳವಾಗಿ. ರೊಟೇಟರ್ ಏನನ್ನೂ ಪ್ರಸಾರ ಮಾಡುವುದಿಲ್ಲ. ಲೈಸೆನ್ಸ್ ಬೇಕಾದ್ದು ಪ್ರಸಾರ ಮಾಡುವ ರೇಡಿಯೋಗೆ. ಆದರೆ ಬಾಕ್ಸಿನೊಳಗೆ 230 ವೋಲ್ಟ್ ಇದೆ, ಅದು ಲೈಸೆನ್ಸ್ ಕೇಳುವುದಿಲ್ಲ. ಮುಚ್ಚಳ ತೆಗೆಯುವ ಮುಂಚೆ ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದ್ದೇನೆ ಎನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೆಟ್ಟಿರೋದು ಬಾಕ್ಸಾ, ಮೇಲಿನ ಮೋಟಾರಾ? ಟವರ್ ಹತ್ತದೆ ಗೊತ್ತು ಮಾಡ್ಕೊಳ್ಳೋದು ಹೇಗೆ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಬೇಕಾದ್ದು ಒಂದು ಮಲ್ಟಿಮೀಟರ್, ಒಂದು ಕಾಗದ, ಹತ್ತು ನಿಮಿಷ.

ಬಾಕ್ಸಿನ ಹಿಂದಿನಿಂದ ಕೇಬಲ್ ಬಿಚ್ಚಿ. ಮೀಟರನ್ನು ಓಮ್ಸ್‌ಗೆ ಇಟ್ಟು ಕೇಬಲ್ಲಿನ ತುದಿಯಲ್ಲೇ ಅಳೆಯಿರಿ. ಯಾಸು ಕಂಪನಿಯ ಜಿ-5500ನಂಥದ್ದರಲ್ಲಿ ಪ್ರತಿ ಮೋಟಾರಿಗೆ ಆರು ತಂತಿ: ಮೂರು ಪಾಟಿಗೆ, ಮೂರು ಮೋಟಾರಿಗೆ. ಪಾಟಿನ ಎರಡು ತುದಿಗಳ ನಡುವೆ ಸುಮಾರು 500 ಓಮ್ ಬರಬೇಕು. ಹ್ಯಾಮ್-4ರಲ್ಲೂ ಅಷ್ಟೇ, ಅಲ್ಲಿ 3 ಮತ್ತು 7ನೇ ತಂತಿಯ ನಡುವೆ. ನಡುವಿನ ತಂತಿಯಿಂದ ಆ ತುದಿಗೊಂದು, ಈ ತುದಿಗೊಂದು ಅಳೆದು ಕೂಡಿಸಿದರೂ ಅದೇ 500ರ ಹತ್ತಿರ ಬರಬೇಕು. ತೀರಾ ಹೆಚ್ಚು ಬಂದರೆ ಪಾಟಿನ ಒಳಗೆ ಸಂಪರ್ಕ ಸರಿಯಿಲ್ಲ.

ಆಮೇಲೆ ಮೋಟಾರು. 24 ವೋಲ್ಟ್ ಎಸಿ ಮೋಟಾರಿನಲ್ಲಿ ಎರಡು ವೈಂಡಿಂಗ್, ಎರಡಕ್ಕೂ ಸೇರಿದ ಒಂದು ಕಾಮನ್ ತಂತಿ. ಕಾಮನ್‌ನಿಂದ ಎಡಕ್ಕೂ ಬಲಕ್ಕೂ ಒಂದೇ ಓಮ್ ಬರಬೇಕು, ಎಡದಿಂದ ಬಲಕ್ಕೆ ಅದರ ಎರಡರಷ್ಟು. ಹ್ಯಾಮ್-4ರಲ್ಲಿ ಒಂದೊಂದು ವೈಂಡಿಂಗ್ ಸುಮಾರು ಎರಡೂವರೆ ಓಮ್, ಅದರ ಮೇಲೆ ನಿಮ್ಮ ಕೇಬಲ್ಲಿನ ಓಮ್. ಎರಡು ಅಳತೆಗಳಲ್ಲಿ ಒಂದು 3, ಇನ್ನೊಂದು 9 ಬಂದರೆ ಯಾವುದೋ ಕನೆಕ್ಟರಿನಲ್ಲಿ ಕಿಲುಬು ಹಿಡಿದಿದೆ ಎಂದೇ ತಿಳಿಯಿರಿ. ಕೊನೆಗೆ ಪ್ರತಿ ತಂತಿಯಿಂದ ಟವರಿನ ಕಬ್ಬಿಣಕ್ಕೆ ಅಳೆಯಿರಿ. ಏನೂ ತೋರಿಸಬಾರದು. ಕಿಲೋ ಓಮ್‌ಗಳಲ್ಲಿ ಏನಾದರೂ ಬಂದರೆ ಮೇಲೆ ನೀರು ಹೋಗಿದೆ.

ಇಷ್ಟೂ ಸರಿ ಇದ್ದರೆ ಬಾಕ್ಸ್ ಬಿಚ್ಚಿ. ಇಲ್ಲವಾದರೆ ಬಾಕ್ಸಿಗೆ ಕೈ ಹಾಕಬೇಡಿ. ಹೊಸದಾಗಿ ರೊಟೇಟರ್ ಏರಿಸಿದ ದಿನವೇ ಈ ಅಂಕಿಗಳನ್ನು ಬರೆದು ಮುಚ್ಚಳದ ಒಳಗೆ ಅಂಟಿಸಿಬಿಡಿ. ನನ್ನ ಮೊದಲ ರೊಟೇಟರ್ ಕೆಟ್ಟಾಗ ಅಂಥ ಚೀಟಿ ಇರಲಿಲ್ಲ. ಒಂದು ವಾರ ಕೂತು ಬಾಕ್ಸಿನ ಡಯೋಡು, ಟ್ರಾನ್ಸಿಸ್ಟರು, ಸ್ವಿಚ್ಚು ಎಲ್ಲ ಬದಲಾಯಿಸಿದೆ. ಕೊನೆಗೆ ನೋಡಿದರೆ ಹೆಂಚಿನ ಕೆಳಗೆ ಇಲಿ ಕೇಬಲ್ಲಿನ ಎರಡು ತಂತಿ ಕಡಿದು ಹಾಕಿತ್ತು.

ಟವರ್ ಹತ್ತಿರ ಹೋಗದೆ ಬಾಕ್ಸ್ ಒಂದನ್ನೇ ಟೆಸ್ಟ್ ಮಾಡೋಕೆ ಆಗುತ್ತಾ?

ಆಗುತ್ತದೆ, ಅದಕ್ಕೊಂದು ಸುಳ್ಳು ರೊಟೇಟರ್ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 470 ಅಥವಾ 500 ಓಮಿನ ಒಂದು ಪಾಟ್ ತನ್ನಿ. ಆಟೋ ಎಲೆಕ್ಟ್ರಿಕಲ್ ಅಂಗಡಿಯಿಂದ ಲಾರಿಯ 24 ವೋಲ್ಟ್, 21 ವ್ಯಾಟ್ ಇಂಡಿಕೇಟರ್ ಬಲ್ಬ್ ಎರಡು. ಪಾಟನ್ನು ಪಾಟಿನ ಜಾಗಕ್ಕೆ, ಬಲ್ಬುಗಳನ್ನು ಎರಡು ವೈಂಡಿಂಗ್ ಜಾಗಕ್ಕೆ ಜೋಡಿಸಿ. ಲಿಮಿಟ್ ಸ್ವಿಚ್ಚಿಗೆ (ತುದಿ ಮುಟ್ಟಿದಾಗ ಮೋಟಾರ್ ನಿಲ್ಲಿಸುವ ಸ್ವಿಚ್ಚು) ಬೇರೆ ತಂತಿ ಇರುವ ಮಾದರಿಯಾದರೆ ಅಲ್ಲಿ ತುಂಡು ತಂತಿ ಹಾಕಿ ಸೇರಿಸಿ.

ಪಾಟ್ ತಿರುಗಿಸಿದರೆ ಸೂಜಿ ನಯವಾಗಿ ಓಡಬೇಕು. ಮೋಟಾರ್ ತಿರುಗಲು ಬೇಕಾದ ಫೇಸ್ ಕೆಪಾಸಿಟರ್ ಬಾಕ್ಸಿನೊಳಗೇ ಇರುವ ಮಾದರಿಯಲ್ಲಿ ಎಡ ಬಟನ್ ಒತ್ತಿದರೆ ಒಂದು ಬಲ್ಬ್ ಪ್ರಖರವಾಗಿ, ಇನ್ನೊಂದು ಸ್ವಲ್ಪ ಮಂಕಾಗಿ ಉರಿಯಬೇಕು. ಬಲ ಒತ್ತಿದರೆ ಅದಲು ಬದಲು. ಒಂದೇ ಬಲ್ಬ್ ಉರಿದರೆ ಕೆಪಾಸಿಟರ್ ಸತ್ತಿದೆ. ಎರಡೂ ಸಮಸಮ ಉರಿದರೆ ಕೆಪಾಸಿಟರ್ ಶಾರ್ಟ್ ಆಗಿದೆ. ನೂರಿನ್ನೂರು ರೂಪಾಯಿಯ ಈ ಸುಳ್ಳು ರೊಟೇಟರಿನಷ್ಟು ಉಪಕಾರ ನನ್ನ ಆಸಿಲೋಸ್ಕೋಪ್ ಕೂಡ ಮಾಡಿಲ್ಲ.

## ದಿನನಿತ್ಯದ ಕಾಯಿಲೆಗಳು

ಫ್ಯೂಸ್ ಹಾಕಿದ ತಕ್ಷಣ ಟಪ್ ಅಂತ ಹೋಗುತ್ತೆ. ದೊಡ್ಡ ಫ್ಯೂಸ್ ಹಾಕ್ಲಾ?

ಬೇಡ. ತಂತಿ ಎಳೆ ಸುತ್ತುವುದಂತೂ ಬೇಡವೇ ಬೇಡ. ಹಳೇ ಕಾಲದ 100 ವ್ಯಾಟಿನ ಗುಂಡು ಬಲ್ಬನ್ನು ಬಾಕ್ಸಿನ ಫೇಸ್ ತಂತಿಗೆ ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ, ಮಿಣುಕಿ ಮಂಕಾದರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ. ಪೂರ್ತಿ ಉರಿದಾಗ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ತಂತಿಗಳನ್ನು ಬಿಡಿಸಿ ಮತ್ತೆ ನೋಡಿ. ಈಗ ಮಂಕಾಯಿತೆ? ಹಾಗಾದರೆ ತಪ್ಪು ಮುಂದಿದೆ: ಬ್ರಿಡ್ಜ್ ರೆಕ್ಟಿಫೈಯರ್, ಅಥವಾ ಫಿಲ್ಟರ್ ಕೆಪಾಸಿಟರ್. ಇನ್ನೂ ಉರಿಯುತ್ತಿದ್ದರೆ ಟ್ರಾನ್ಸ್‌ಫಾರ್ಮರೇ ಹೋಗಿದೆ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರಲ್ಲಿ ಕೆಲವರು ಇದನ್ನೂ ಕಟ್ಟಿಕೊಡುತ್ತಾರೆ. ಹಳೆಯದನ್ನು ಬಿಚ್ಚುವಾಗ ಸುತ್ತು ಎಣಿಸಲು ಮೊದಲೇ ಹೇಳಿ.

ಬಟನ್ ಒತ್ತಿದ್ರೆ ಗುಂಯ್ ಅನ್ನುತ್ತೆ, ಅಲುಗಾಡಲ್ಲ.

ನಮ್ಮ ಮನೆಯ ಸೀಲಿಂಗ್ ಫ್ಯಾನ್ ಗುಂಯ್ ಎನ್ನುತ್ತಾ ನಿಂತರೆ ಎಲೆಕ್ಟ್ರಿಷಿಯನ್ ಏನು ಹೇಳುತ್ತಾನೆ? "ಕಂಡೆನ್ಸರ್ ಹೋಗಿದೆ." ಇಲ್ಲೂ ಮೊದಲ ಅನುಮಾನ ಅದರ ಮೇಲೇ. ಎರಡು ವೈಂಡಿಂಗ್‌ಗಳ ಕರೆಂಟಿನ ನಡುವೆ ಹಿಂದುಮುಂದು ತರುವುದು ಈ ಕೆಪಾಸಿಟರ್. ಅದು ಒಣಗಿದರೆ ಮೋಟಾರಿಗೆ ಯಾವ ಕಡೆ ತಿರುಗಬೇಕೆಂದೇ ಗೊತ್ತಾಗುವುದಿಲ್ಲ.

ಆದರೆ ಫ್ಯಾನಿನ ಎರಡೂವರೆ ಮೈಕ್ರೋಫ್ಯಾರಡ್ ಇಲ್ಲಿ ನಡೆಯದು. ಹ್ಯಾಮ್-4ಕ್ಕೆ 130 ಮೈಕ್ರೋಫ್ಯಾರಡ್ ಆಸುಪಾಸು ಬೇಕು, ಅದೂ ಎಸಿಗೆ ಆಗುವಂಥದ್ದು. ಮೂಲ ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಕಾದವರನ್ನು ಕಂಡಿದ್ದೇನೆ. ಪಕ್ಕದ ಬೀದಿಯ ಪಂಪ್‌ಸೆಟ್ ಅಂಗಡಿಯಲ್ಲೇ ಸಿಂಗಲ್ ಫೇಸ್ ಮೋಟಾರಿನ ಸ್ಟಾರ್ಟ್ ಕೆಪಾಸಿಟರ್ ಇರುತ್ತದೆ. ಅದರ ಮೈಮೇಲೆ ಬರೆದ ಮೈಕ್ರೋಫ್ಯಾರಡ್ ನೋಡಿ ಹತ್ತಿರದ್ದನ್ನು ಆರಿಸಿ. ವೋಲ್ಟೇಜ್ ರೇಟಿಂಗ್ ಹೆಚ್ಚಿದ್ದರೆ ತೊಂದರೆಯಿಲ್ಲ, ಗಾತ್ರದಲ್ಲಿ ದಪ್ಪಗಿರುತ್ತದೆ ಅಷ್ಟೆ. ಬಾಕ್ಸಿನಲ್ಲಿ ಹಿಡಿಸದಿದ್ದರೆ ಹೊರಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ. ಅವಸರಕ್ಕೆ 50 ವೋಲ್ಟ್‌ಗಿಂತ ಮೇಲಿನ ಎರಡು ಸಾಮಾನ್ಯ 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್‌ಗಳ ಮೈನಸ್‌ಗೆ ಮೈನಸ್ ಸೇರಿಸಿದರೆ 110 ಆಗುತ್ತದೆ. ಒಂದು ಸಂಜೆಗೆ ಸಾಕು, ವರ್ಷಗಟ್ಟಲೆ ಬಿಡಬೇಡಿ.

ಕೆಪಾಸಿಟರ್ ಚೆನ್ನಾಗಿದ್ದೂ ಗುಂಯ್ ಎಂದರೆ ಬ್ರೇಕ್ ಬೆಣೆ ಸಿಕ್ಕಿಕೊಂಡಿರಬಹುದು. ಗಾಳಿ ಆಂಟೆನಾವನ್ನು ಒಂದು ಕಡೆ ಒತ್ತಿ ಹಿಡಿದಾಗ ಹೀಗಾಗುತ್ತದೆ. ವಿರುದ್ಧ ದಿಕ್ಕಿಗೆ ಒಂದು ಚಿಟಿಕೆ ತಿರುಗಿಸಿ, ಆಮೇಲೆ ಬೇಕಾದ ಕಡೆಗೆ. ನಿಲ್ಲಿಸುವಾಗಲೂ ಮೋಟಾರ್ ಬಟನ್ ಬಿಟ್ಟು, ಆಂಟೆನಾ ಪೂರ್ತಿ ನಿಂತ ಮೇಲೆ ಬ್ರೇಕ್ ಬಟನ್ ಬಿಡಿ. ಓಡುತ್ತಿರುವ ಬೀಮ್ (ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ) ಮೇಲೆ ಬ್ರೇಕ್ ಹಾಕಿದರೆ ಪೆಟ್ಟು ಬೀಳುವುದು ಗೇರಿನ ಹಲ್ಲಿಗೆ.

ಬಲಕ್ಕೆ ಸಲೀಸಾಗಿ ಹೋಗುತ್ತೆ, ಎಡಕ್ಕೆ ಒತ್ತಿದ್ರೆ ಸತ್ತ ಹಾಗೆ. ವೈಂಡಿಂಗ್ ಹೋಯ್ತಾ?

ಹೋಗಿಲ್ಲ. ಕೆಪಾಸಿಟರ್ ಮೋಟಾರಿನಲ್ಲಿ ಎರಡೂ ವೈಂಡಿಂಗ್ ಎರಡೂ ದಿಕ್ಕಿಗೆ ಬೇಕು. ಒಂದು ಹೋದರೆ ಎರಡೂ ಕಡೆ ನಿಲ್ಲುತ್ತದೆ. ಒಂದೇ ದಿಕ್ಕು ಸತ್ತಿದ್ದರೆ ಉಳಿಯುವುದು ಮೂರೇ: ಲಿಮಿಟ್ ಸ್ವಿಚ್, ಅದರ ತಂತಿ, ನಿಮ್ಮ ಬಟನ್. ಬಟನ್ ಒತ್ತಿ ಹಿಡಿದು ಬಾಕ್ಸಿನ ಹಿಂದಿನ ಟರ್ಮಿನಲ್‌ನಲ್ಲಿ ಎಸಿ ವೋಲ್ಟೇಜ್ ನೋಡಿ. ಬಲಕ್ಕೆ ಬಂದಷ್ಟೇ ಎಡಕ್ಕೂ ಬಂದರೆ ತಪ್ಪು ಮೇಲಿದೆ. ಬರದಿದ್ದರೆ ಬಟನ್ ಕಾಂಟ್ಯಾಕ್ಟ್ ಸುಟ್ಟಿದೆ. ಮರಳು ಕಾಗದದಿಂದ ಉಜ್ಜಬೇಡಿ. ವಿಸಿಟಿಂಗ್ ಕಾರ್ಡ್ ಸೀಳಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನಡುವೆ ಎಳೆದಾಡಿ. ಕಪ್ಪು ಗೆರೆ ಬರುವುದು ನಿಂತರೆ ಸಾಕು.

ಆಂಟೆನಾ ಎಡ ತುದಿಯಲ್ಲೇ ನಿಂತಿದೆಯೇ ಎಂದೂ ಒಮ್ಮೆ ಹೊರಗೆ ಹೋಗಿ ನೋಡಿ. ನಗಬೇಡಿ, ಇಬ್ಬರಿಗೆ ಹಾಗಾಗಿದೆ. ಅವರಲ್ಲಿ ಒಬ್ಬ ನಾನು.

ಸೂಜಿ ಹುಚ್ಚು ಹಿಡಿದಂಗೆ ಕುಣಿಯುತ್ತೆ.

ಎಲ್ಲಿ ಕುಣಿಯುತ್ತದೆ ನೋಡಿ. ಪ್ರತಿ ಸಲ ಅದೇ ಡಿಗ್ರಿಯಲ್ಲಿ, ಉದಾಹರಣೆಗೆ 320ರ ಹತ್ತಿರ, ಹಾರಿದರೆ ಮೇಲಿನ ಪಾಟ್ ಅಲ್ಲಿ ಸವೆದಿದೆ. ನಾವೆಲ್ಲ ಯುರೋಪ್ ಕಡೆ ಹೆಚ್ಚು ತಿರುಗಿಸುವುದರಿಂದ ಆ ಜಾಗವೇ ಮೊದಲು ಸವೆಯುತ್ತದೆ. ಕೆಲವು ಸಲ ಬರೀ ಕೊಳೆ ಕೂತಿರುತ್ತದೆ. ಆ ಜಾಗದ ಮೇಲೆ ಹಿಂದೆ ಮುಂದೆ ಹತ್ತಾರು ಬಾರಿ ಓಡಿಸಿದರೆ ಸರಿಹೋದೀತು. ಯಾವ ಡಿಗ್ರಿಯಲ್ಲಾದರೂ ನಡುಗಿದರೆ ಕನೆಕ್ಟರ್ ಸಡಿಲ, ಅಥವಾ ಮೀಟರಿಗೆ ವೋಲ್ಟೇಜ್ ಕೊಡುವ ರೆಗ್ಯುಲೇಟರ್ ಸರಿಯಿಲ್ಲ. ಒಂದು ತುದಿಗೆ ಹೋಗಿ ಅಂಟಿಕೊಂಡರೆ ಪಾಟಿನ ಒಂದು ತಂತಿ ಕಡಿದಿದೆ.

ಮೀಟರ್ ಉತ್ತರ ಅನ್ನುತ್ತೆ, ಆಂಟೆನಾ ನೋಡಿದ್ರೆ ಬೇರೆಲ್ಲೋ ತಿರುಗಿದೆ!

ಎಲೆಕ್ಟ್ರಿಕ್ ತೊಂದರೆಯೇ ಅಲ್ಲ. ಮಾಸ್ಟ್, ಅಂದರೆ ಆಂಟೆನಾ ಹೊತ್ತ ಕೊಳವೆ, ಅದನ್ನು ಹಿಡಿದಿರುವ ಕ್ಲಾಂಪ್ ಜಾರಿದೆ. ಜೂನ್ ಜುಲೈ ಗಾಳಿಗೆ ಇದು ಮಾಮೂಲು. ಮಂಗಗಳು ಬೂಮ್ ಹಿಡಿದು ಜೋತಾಡಿ ತಿರುಗಿಸಿದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಕ್ಲಾಂಪ್ ಬಿಗಿ ಮಾಡಿ ದಿಕ್ಕು ಹೊಂದಿಸಿ. ಕೆಲವರು ಮಾಸ್ಟಿಗೆ ತೂತು ಕೊರೆದು ಬೋಲ್ಟ್ ಹಾಕುತ್ತಾರೆ. ಆಗ ಜಾರುವುದಿಲ್ಲ ನಿಜ, ಆದರೆ ಬಿರುಗಾಳಿಯ ಪೆಟ್ಟೆಲ್ಲ ಗೇರಿಗೆ ಹೋಗುತ್ತದೆ. ನಾನು ಬೋಲ್ಟ್ ಹಾಕುವುದಿಲ್ಲ. ಜಾರಿದರೆ ಕ್ಲಾಂಪ್ ಬಿಗಿ ಮಾಡಬಹುದು, ಗೇರ್ ಮುರಿದರೆ ಎಲ್ಲಿಂದ ತರಲಿ?

## ನಮ್ಮ ಸೀಮೆಯ ತಾಪತ್ರಯ

ಬೇಸಿಗೆಯಲ್ಲಿ ಚೆನ್ನಾಗಿರುತ್ತೆ, ಆರಿದ್ರಾ ಮಳೆ ಹಿಡಿದ್ರೆ ಕೈ ಕೊಡುತ್ತೆ.

ನೀರು. ಮಲೆನಾಡಿನ ಮಳೆ ಮೇಲಿಂದ ಮಾತ್ರ ಬೀಳುವುದಿಲ್ಲ, ಗಾಳಿ ಜತೆ ಅಡ್ಡಡ್ಡ ಬರುತ್ತದೆ, ಮಂಜಾಗಿ ಕೆಳಗಿನಿಂದಲೂ ಏರುತ್ತದೆ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಕನೆಕ್ಟರ್ ಬಿಚ್ಚಿದೆ. ಹೊರಗೆ ಐದು ಸುತ್ತು ಟೇಪು, ಒಳಗೆ ಹಸಿರು ಕಿಲುಬು, ಪಿನ್ನುಗಳ ನಡುವೆ ಇರುವೆಯ ಬಿಳಿ ಮೊಟ್ಟೆ. ಟೇಪು ನೀರನ್ನು ತಡೆದಿರಲಿಲ್ಲ, ಒಳಗೆ ಹೋದ ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟಿತ್ತು.

ಮಾಮೂಲು ಪಿವಿಸಿ ಟೇಪ್ ಬಿಸಿಲಿಗೆ ಒಂದೇ ವರ್ಷದಲ್ಲಿ ಬಿಚ್ಚಿಕೊಳ್ಳುತ್ತದೆ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಪಿವಿಸಿ. ಸುತ್ತುವುದು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕನೆಕ್ಟರಿಗೆ ಮುಂಚೆ ಕೇಬಲ್ ಒಮ್ಮೆ ಕೆಳಗೆ ಜೋತು ಬಿದ್ದು ಮೇಲೇರಲಿ, ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ರೊಟೇಟರಿನ ತಳದಲ್ಲಿ ನೀರು ಹೋಗಲು ಬಿಟ್ಟ ತೂತು ಇದ್ದರೆ ಅದನ್ನು ಮುಚ್ಚಬೇಡಿ. "ಎಲ್ಲ ತೂತೂ ಸೀಲ್ ಮಾಡಿದೀನಿ ಸಾರ್" ಎಂದು ಹೆಮ್ಮೆಯಿಂದ ಹೇಳಿದವರ ಮೋಟಾರಿನಿಂದ ನಾನು ಅರ್ಧ ಲೋಟ ನೀರು ಬಗ್ಗಿಸಿದ್ದೇನೆ.

ಭರಣಿ ಮಳೆ ಗುಡುಗಿಗೆ ಪ್ರತಿ ವರ್ಷ ಬಾಕ್ಸ್ ಸುಡುತ್ತೆ. ಏನ್ ಮಾಡೋದು?

ಕಾಫಿ ಹೂಮಳೆಯಿಂದ ಹಿಡಿದು ಮುಂಗಾರು ಕಾಲಿಡುವವರೆಗೆ, ಮಾರ್ಚಿನಿಂದ ಮೇ ಕೊನೆಯವರೆಗೆ, ನಾನು ಸಂಜೆ ನಾಲ್ಕಕ್ಕೆ ರೊಟೇಟರ್ ಕೇಬಲ್ ಕಿತ್ತುಬಿಡುತ್ತೇನೆ. ಮೇನ್ಸ್ ಪ್ಲಗ್ಗೂ ಕೂಡ. ಬಾಕ್ಸಿನ ಹಿಂದೆ ತೆಗೆದು ಹಾಕಲು ಸುಲಭವಾದ ಕನೆಕ್ಟರ್ ಇದ್ದರೆ ಮಾತ್ರ ಈ ಅಭ್ಯಾಸ ಉಳಿಯುತ್ತದೆ. ಎಂಟು ಸ್ಕ್ರೂ ಬಿಚ್ಚಬೇಕಾದರೆ ಯಾರೂ ಬಿಚ್ಚುವುದಿಲ್ಲ.

ಪ್ರತಿ ತಂತಿಯಿಂದ ಅರ್ತ್‌ಗೆ ಒಂದೊಂದು ಎಂಒವಿ (ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಬಿಡುವ ಬಿಡಿಭಾಗ) ಹಾಕಿದರೆ ದೂರದ ಸಿಡಿಲು ತರುವ ಹೊಡೆತ ತಡೆಯುತ್ತದೆ. ಅವನ್ನು ಕೂರಿಸಬೇಕಾದ್ದು ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ, ಹೊರಗೆ, ಟವರ್ ಅರ್ತಿಂಗಿಗೆ ಗಿಡ್ಡ ತಂತಿಯಲ್ಲಿ ಜೋಡಿಸಿ. ನೇರ ಸಿಡಿಲಿಗೆ ಯಾವುದೂ ತಡೆಯಲ್ಲ.

ಸುಟ್ಟ ಬಾಕ್ಸಿನಲ್ಲಿ ಮೊದಲು ನೋಡಬೇಕಾದ್ದು ಪಾಟಿನ ತಂತಿ ಒಳಬರುವ ಜಾಗ. ಪಾಟಿನ ವೋಲ್ಟೇಜ್ ಓದುವ ಅಲ್ಲಿನ ಆಪ್-ಆಂಪ್ ಐಸಿ ಮೊದಲು ಸಾಯುತ್ತದೆ, ಅದರ ಹಿಂದೆ ರೆಗ್ಯುಲೇಟರ್. ರಿಲೇ, ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ ಬದುಕಿರುತ್ತವೆ.

ತೋಟದ ಲೈನಲ್ಲಿ ಸಂಜೆ ವೋಲ್ಟೇಜ್ ಬಿದ್ದೋಗುತ್ತೆ, ಆಂಟೆನಾ ಆಮೆ ಥರ ತಿರುಗುತ್ತೆ.

230ರ ಜಾಗದಲ್ಲಿ 175 ಬಂದರೆ ಬಾಕ್ಸಿನ 24 ವೋಲ್ಟ್ 18ಕ್ಕೆ ಇಳಿಯುತ್ತದೆ. ಟಿವಿಗೆ ಇಡುವ ಸಣ್ಣ ಸ್ಟೆಬಿಲೈಸರ್ ಒಂದನ್ನು ಹಾಕಿ ನೋಡಿ, ಬಹುಪಾಲು ಬಾಕ್ಸುಗಳಿಗೆ ಅದು ಸಾಕು. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಿದರೆ ಟ್ರಾನ್ಸ್‌ಫಾರ್ಮರ್ ಕಿರುಗುಟ್ಟುತ್ತದೆ. ತುರ್ತಿಗೆ ಸರಿ.

ಲ್ಯಾನ್ ಕೇಬಲ್‌ನಲ್ಲಿ ಎಂಟು ತಂತಿ ಇದೆ, ರೊಟೇಟರಿಗೂ ಎಂಟು ಬೇಕು. ಸರಿಹೋಯ್ತಲ್ಲ?

ಎಣಿಕೆ ಸರಿ, ದಪ್ಪ ಸರಿಯಿಲ್ಲ. ಲ್ಯಾನ್ ತಂತಿ 0.2 ಚದರ ಮಿಲಿಮೀಟರ್. 30 ಮೀಟರ್ ದೂರಕ್ಕೆ ಹೋಗಿ ಬರುವ ದಾರಿ 60 ಮೀಟರ್, ಅಂದರೆ ಸುಮಾರು 5 ಓಮ್. ಎರಡು ಆಂಪ್ ಹರಿದರೆ 10 ವೋಲ್ಟ್ ದಾರಿಯಲ್ಲೇ ಖರ್ಚು. ಮೋಟಾರಿಗೆ ಉಳಿಯುವುದು 14. ಅದೇ 1 ಚದರ ಮಿಲಿಮೀಟರ್ ತಂತಿಯಲ್ಲಿ ಕಳೆಯುವುದು ಎರಡೇ ವೋಲ್ಟ್. ಪಾಟಿಗೆ ಲ್ಯಾನ್ ತಂತಿ ನಡೆಯುತ್ತದೆ, ಮೋಟಾರಿಗೂ ಬ್ರೇಕಿಗೂ ದಪ್ಪ ಬೇಕು.

ಮಗ ಅಮೆರಿಕದಿಂದ ಹಳೇ ರೊಟೇಟರ್ ತಂದಿದಾನೆ, ಇಲ್ಲಿ ಹಾಕಬಹುದಾ?

ನೇರವಾಗಿ ಹಾಕಬೇಡಿ. ಅಲ್ಲಿಯದು 120 ವೋಲ್ಟ್. ನಮ್ಮ ಪ್ಲಗ್ಗಿಗೆ ಸಿಕ್ಕಿಸಿದರೆ ಕ್ಷಣದಲ್ಲಿ ಫ್ಯೂಸ್ ಹೋದರೆ ಪುಣ್ಯ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೂ ಇನ್ನೊಂದು ವ್ಯತ್ಯಾಸ ಉಳಿಯುತ್ತದೆ: ಅವರದು 60 ಹರ್ಟ್ಸ್, ನಮ್ಮದು 50. ಎಸಿ ಮೋಟಾರ್ ಆರನೇ ಒಂದು ಭಾಗ ನಿಧಾನವಾಗುತ್ತದೆ, ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ. ಅಲ್ಲಿ 60 ಸೆಕೆಂಡಿಗೆ ಸುತ್ತುತ್ತಿದ್ದದ್ದು ಇಲ್ಲಿ 72. ಅದು ಕಾಯಿಲೆಯಲ್ಲ. ಬದಲಿ ಟ್ರಾನ್ಸ್‌ಫಾರ್ಮರ್ ಸುತ್ತಿಸುವುದಾದರೆ ಮೀಟರಿಗೆ ಬೇರೆ ವೈಂಡಿಂಗ್ ಇದೆಯೇ ನೋಡಿಕೊಳ್ಳಿ.

## ದಿಕ್ಕು ಹೊಂದಿಸುವುದು

ಉತ್ತರ ಕರೆಕ್ಟಾಗಿ ಯಾವ ಕಡೆ ಅಂತ ಹೇಗೆ ನೋಡೋದು? ಫೋನ್ ಒಂದೊಂದು ಸಲ ಒಂದೊಂದು ಹೇಳುತ್ತೆ.

ಟವರಿನ ಕಬ್ಬಿಣ ಫೋನಿನ ಕಂಪಾಸನ್ನೂ ನಿಜವಾದ ಕಂಪಾಸನ್ನೂ ದಾರಿ ತಪ್ಪಿಸುತ್ತದೆ. ಹತ್ತಿಪ್ಪತ್ತು ಮೀಟರ್ ದೂರ ನಿಂತು ನೋಡಿ. ನಮ್ಮಲ್ಲಿ ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೆ, ಮರೆತುಬಿಡಿ. ಧ್ರುವ ನಕ್ಷತ್ರ ನಮ್ಮ ಸೀಮೆಯಲ್ಲಿ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿದೆ. ನನ್ನ ಅಂಗಳದಿಂದ ಅದು ಸಿಲ್ವರ್ ಓಕ್ ಮರಗಳ ಹಿಂದೆ.

ನನಗೆ ಒಗ್ಗಿದ್ದು ಶಂಕುವಿನ ವಿಧಾನ. ಸಮತಟ್ಟು ನೆಲದಲ್ಲಿ ಗೂಟ ನೆಟ್ಟು ಸುತ್ತ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಸಂಜೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದ ಗೆರೆ ಪೂರ್ವ ಪಶ್ಚಿಮ. ಮಧ್ಯಾಹ್ನದ ನೆರಳನ್ನೇ ನಂಬುವುದಾದರೆ ಡಿಸೆಂಬರ್ ಕೊನೆಯಲ್ಲಿ 12 ಗಂಟೆ 26 ನಿಮಿಷದ ಆಸುಪಾಸಿಗೆ ನೋಡಿ, 12ಕ್ಕಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 76ರ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನಮಗಿಂತ ಉತ್ತರಕ್ಕಿರುತ್ತಾನೆ, ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇದನ್ನು ಮರೆತು ಬೀಮನ್ನು ಪೂರ್ತಿ ಉಲ್ಟಾ ಕೂರಿಸಿದವರಿದ್ದಾರೆ.

ಸ್ಟಾಪ್ ಉತ್ತರಕ್ಕೆ ಇಡಬೇಕಾ, ದಕ್ಷಿಣಕ್ಕಾ?

ದಕ್ಷಿಣಕ್ಕೆ. ಸ್ಟಾಪ್ ಎಂದರೆ ರೊಟೇಟರ್ ಮುಂದೆ ತಿರುಗದೆ ನಿಲ್ಲುವ ತುದಿ. ನಮ್ಮ ಊರಿನಿಂದ ಲಂಡನ್ ಸುಮಾರು 320 ಡಿಗ್ರಿ, ನ್ಯೂಯಾರ್ಕ್ 334, ಸ್ಯಾನ್ ಫ್ರಾನ್ಸಿಸ್ಕೋ 18, ಟೋಕಿಯೋ 56. ಎಲ್ಲವೂ ಉತ್ತರದ ಆಚೆ ಈಚೆ. ಸ್ಟಾಪ್ ಉತ್ತರದಲ್ಲಿದ್ದರೆ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 44 ಡಿಗ್ರಿ ಹೋಗುವ ಬದಲು ಹಿಂದಕ್ಕೆ 316 ಡಿಗ್ರಿ ಸುತ್ತಬೇಕು. ಅಷ್ಟರಲ್ಲಿ ಕರೆದವನು ಹೊರಟುಹೋಗಿರುತ್ತಾನೆ. ನೇರ ದಕ್ಷಿಣಕ್ಕೆ ನಮಗೆ ಹಿಂದೂ ಮಹಾಸಾಗರ, ಅಲ್ಲಿ ಮಾತಾಡುವವರು ಕಡಿಮೆ. ಸ್ಟಾಪ್ ಬದಲಿಸಿದ ಮೇಲೆ ಮೀಟರಿನ ಹಿಂದಿನ ಅಂಕಿಯ ಹಲಗೆಯನ್ನೂ ಬದಲಿಸಬೇಕು. 450 ಡಿಗ್ರಿ ತಿರುಗುವ ಯಾಸು ಮಾದರಿಗಳಲ್ಲಿ 90 ಡಿಗ್ರಿ ಹೆಚ್ಚುವರಿ ಇರುವುದರಿಂದ ಇದರ ಬಿಸಿ ಅಷ್ಟು ತಟ್ಟುವುದಿಲ್ಲ, ಆದರೆ ಮಾಸ್ಟ್ ಹತ್ತಿರ ಆಂಟೆನಾದ ಕೋಆಕ್ಸ್ ಕೇಬಲ್ ಸಡಿಲವಾಗಿ ಸಾಕಷ್ಟು ಉದ್ದ ಬಿಟ್ಟಿರಬೇಕು.

## ಸ್ವಲ್ಪ ಪಳಗಿದವರಿಗೆ

ಮೈಕ್ ಒತ್ತಿದ್ರೆ ಸಾಕು, ಡಿಸ್‌ಪ್ಲೇ ಅಂಕಿ ಹಾರಾಡುತ್ತೆ. ಒಂದು ಸಲ ತಾನೇ ತಿರುಗಿಬಿಡ್ತು!

ನಿಮ್ಮದೇ ಸಿಗ್ನಲ್ ರೊಟೇಟರ್ ಕೇಬಲ್ ಹಿಡಿದು ಒಳಗೆ ಬರುತ್ತಿದೆ. ಬಾಕ್ಸಿನೊಳಗೆ ಕನೆಕ್ಟರಿನ ಪ್ರತಿ ಪಿನ್ನಿನಿಂದ ಕಬ್ಬಿಣದ ಮೈಗೆ 10 ನ್ಯಾನೋಫ್ಯಾರಡ್ ಡಿಸ್ಕ್ ಕೆಪಾಸಿಟರ್ ಬೆಸುಗೆ ಹಾಕಿ. ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಿ, ಉದ್ದ ಬಿಟ್ಟರೆ ಹಾಕಿಯೂ ದಂಡ. ಬಾಕ್ಸಿನ ಹೊರಗೆ ಕೇಬಲನ್ನು ಫೆರೈಟ್ ರಿಂಗಿನ ಸುತ್ತ ಆರೇಳು ಸುತ್ತು ಸುತ್ತಿ. ಯುಎಸ್‌ಬಿ ಕೇಬಲ್ಲಿಗೂ ಒಂದು. ಯಾವ ಬ್ಯಾಂಡಿನಲ್ಲಿ ಹೆಚ್ಚು ಕಾಡುತ್ತದೆ ಎಂದು ಬರೆದಿಟ್ಟುಕೊಳ್ಳಿ. ಒಂದೇ ಬ್ಯಾಂಡಿನಲ್ಲಾದರೆ ಕೇಬಲ್ ಉದ್ದವೇ ಅಲ್ಲಿಗೆ ಆಂಟೆನಾ ಆಗಿರುತ್ತದೆ.

ಬಾಕ್ಸ್ ಪೂರಾ ಬೂದಿ. ಆರ್ಡುಯಿನೊ ಇಟ್ಟು ಹೊಸದು ಮಾಡಬಹುದಾ?

ಮಾಡಬಹುದು. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೆ3ಎನ್‌ಜಿ ಹೆಸರಿನ ಕೋಡ್ ಎಲ್ಲರಿಗೂ ತೆರೆದಿದೆ, ಬಹುತೇಕ ಎಲ್ಲ ರೊಟೇಟರಿಗೂ ಹೊಂದುತ್ತದೆ. ಕೋಡ್ ಬರೆಯುವ ಕಷ್ಟ ಇಲ್ಲ, ಕಷ್ಟ ಇರುವುದು ತಂತಿಗಳಲ್ಲಿ.

ಪಾಟಿಗೆ 5 ವೋಲ್ಟ್ ಕೊಟ್ಟು ನಡುವಿನ ತಂತಿಯನ್ನು ಅನಲಾಗ್ ಪಿನ್ನಿಗೆ ತನ್ನಿ, ಆದರೆ ನೇರವಾಗಿ ಅಲ್ಲ. ಒಂದು ಕಿಲೋ ಓಮ್ ಸೀರೀಸ್‌ನಲ್ಲಿ, ಒಂದು ಮೈಕ್ರೋಫ್ಯಾರಡ್ ನೆಲಕ್ಕೆ, 5.1 ವೋಲ್ಟ್ ಝೀನರ್ ಡಯೋಡ್ ಕಾವಲಿಗೆ. ಅದೇ ಕೇಬಲ್ಲಿನಲ್ಲಿ ಮೋಟಾರಿನ ಎಸಿ ಹರಿಯುವುದರಿಂದ ತಿರುಗುವಾಗ ಅಂಕಿ ಅದುರುತ್ತದೆ. ಒಂದೇ ಸಲ ಓದಿ ನಂಬಬೇಡಿ. 20 ಮಿಲಿಸೆಕೆಂಡಿನಲ್ಲಿ, ಅಂದರೆ 50 ಹರ್ಟ್ಸಿನ ಪೂರ್ತಿ ಒಂದು ಸುತ್ತಿನಲ್ಲಿ, ಹತ್ತಾರು ಸಲ ಓದಿ ಸರಾಸರಿ ತೆಗೆದರೆ ಅದುರುವುದು ತಾನಾಗಿ ಅಳಿಸಿಹೋಗುತ್ತದೆ.

ರಿಲೇ ಬೋರ್ಡುಗಳಲ್ಲಿ ಒಂದು ಮೋಸ ಇದೆ. ಬಹಳಷ್ಟು ಬೋರ್ಡು ಪಿನ್ ಕೆಳಗಿಳಿದರೆ ಆನ್ ಆಗುವಂಥವು, ಆರ್ಡುಯಿನೊ ಏಳುವ ಹೊತ್ತಿಗೆ ಒಮ್ಮೆ ಟಕ್ ಎನ್ನಬಹುದು. ಎಡ ಬಲ ಎರಡೂ ಒಟ್ಟಿಗೆ ಆನ್ ಆದರೆ ಮೋಟಾರಿಗೆ ಕೆಡುಕು. ಕೋಡ್ ನೋಡಿಕೊಳ್ಳುತ್ತದೆ ಎಂದು ಬಿಡಬೇಡಿ. ಎಡ ರಿಲೇಯ ಕರೆಂಟ್ ಬಲ ರಿಲೇಯ ಎನ್‌ಸಿ ಕಾಂಟ್ಯಾಕ್ಟ್ (ರಿಲೇ ಆಫ್ ಇದ್ದಾಗ ಸೇರಿರುವುದು) ದಾಟಿಯೇ ಬರುವಂತೆ ತಂತಿ ಹಾಕಿದರೆ ಎರಡೂ ಕಡೆ ಒಟ್ಟಿಗೆ ಕರೆಂಟ್ ಹೋಗಲು ದಾರಿಯೇ ಇರುವುದಿಲ್ಲ. ಕಾಂಟ್ಯಾಕ್ಟಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸೀರೀಸ್‌ನಲ್ಲಿ ಹಾಕಿದರೆ ಕಿಡಿ ಕಡಿಮೆ.

ಡಿಸಿ ಮೋಟಾರಿನ ರೊಟೇಟರಾದರೆ ರಿಲೇ ಬದಲು ಬಿಟಿಎಸ್7960 ಮೋಟಾರ್ ಡ್ರೈವರ್ ಬೋರ್ಡ್ ಹಾಕಿ ನಿಧಾನವಾಗಿ ಶುರು, ನಿಧಾನವಾಗಿ ನಿಲ್ಲುವಂತೆ ಮಾಡಬಹುದು. ಎಲ್298 ಬೋರ್ಡ್ ಅಗ್ಗ ಎಂದು ತರಬೇಡಿ, ಎರಡು ಆಂಪಿಗೇ ಬೆವರುತ್ತದೆ.

ಕಂಪ್ಯೂಟರ್‌ನಲ್ಲಿ ಪೋರ್ಟ್ ಕಾಣುತ್ತೆ, ಆದ್ರೆ ರೊಟೇಟರ್ ಉತ್ತರವೇ ಕೊಡಲ್ಲ.

ಮೊದಲು ಟ್ರ್ಯಾಕಿಂಗ್ ತಂತ್ರಾಂಶ ಮುಚ್ಚಿ, ಒಂದು ಸೀರಿಯಲ್ ಟರ್ಮಿನಲ್ ತೆರೆದು 9600 ವೇಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರ "ಸಿ" ಒತ್ತಿ ಎಂಟರ್ ಕೊಡಿ. ಕಂಪ್ಯೂಟರ್ ರೊಟೇಟರಿನ ಜತೆ ಮಾತಾಡುವ, ಯಾಸುವಿನ ಜಿಎಸ್-232 ಭಾಷೆಯಲ್ಲಿ ಅದರ ಅರ್ಥ "ಈಗ ಎಲ್ಲಿದ್ದೀಯ?" ಬಾಕ್ಸ್ ಉತ್ತರಿಸಿದರೆ ಕೇಬಲ್ ಸರಿ, ತಪ್ಪು ತಂತ್ರಾಂಶದ ಸೆಟ್ಟಿಂಗಿನಲ್ಲಿ. ಈ ಭಾಷೆಗೆ ಎ ಮತ್ತು ಬಿ ಎಂದು ಎರಡು ಒಳಪಂಗಡ. ಎ ಉತ್ತರಿಸುವುದು "+0180" ಎಂದು, ಬಿ ಉತ್ತರಿಸುವುದು "ಎಝಡ್=180" ಎಂದು. ಒಂದು ಕಡೆ ಎ, ಇನ್ನೊಂದು ಕಡೆ ಬಿ ಆಯ್ಕೆ ಮಾಡಿದರೆ ಇಬ್ಬರೂ ಮಾತಾಡುತ್ತಲೇ ಇರುತ್ತಾರೆ, ಒಬ್ಬರಿಗೊಬ್ಬರು ಅರ್ಥವಾಗುವುದಿಲ್ಲ.

ಪೋರ್ಟ್ ತೆರೆದಾಗಲೆಲ್ಲ ಆರ್ಡುಯಿನೊ ರೀಸೆಟ್ ಆಗುತ್ತಿದ್ದರೆ ರೀಸೆಟ್ ಪಿನ್ನಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಿ. ಹೊಸ ಕೋಡ್ ತುಂಬುವಾಗ ತೆಗೆಯಬೇಕು. ಹ್ಯಾಮ್‌ಲಿಬ್ ಎಂಬ ತಂತ್ರಾಂಶದ ಮೂಲಕ ಹೋಗುವವರು ಅದರ ರೊಟೇಟರ್ ಸರ್ವರ್ 4533ನೇ ಪೋರ್ಟಿನಲ್ಲಿರುತ್ತದೆ ಎಂದು ನೆನಪಿಡಿ.

ಹಾಸನದ ಎಂಸಿಎಫ್ ಡಿಶ್‌ಗಳು ಸ್ಯಾಟಲೈಟ್ ಕಡೆ ಸುಮ್ಮನೆ ನಿಂತಿರುತ್ತವೆ. ನಮ್ಮದು ಯಾಕೆ ಓಡ್ಬೇಕು?

ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಹಾಸನದಲ್ಲಿದೆ. ಅದು ನೋಡಿಕೊಳ್ಳುವ ಸಂಪರ್ಕ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜತೆಜತೆಗೇ ಸುತ್ತುತ್ತವೆ, ಹಾಗಾಗಿ ಆಕಾಶದಲ್ಲಿ ನಿಂತ ಹಾಗೆ ಕಾಣುತ್ತವೆ. ಹ್ಯಾಮ್‌ಗಳ ಬಹುತೇಕ ಉಪಗ್ರಹಗಳು ಕೆಲವೇ ನೂರು ಕಿಲೋಮೀಟರ್ ಮೇಲಿದ್ದು ಹತ್ತು ಹದಿನೈದು ನಿಮಿಷದಲ್ಲಿ ದಿಗಂತದಿಂದ ದಿಗಂತಕ್ಕೆ ದಾಟುತ್ತವೆ. 2005ರ ಮೇ 5ರಂದು ಇಸ್ರೋ ಹಾರಿಸಿದ ನಮ್ಮದೇ ಹ್ಯಾಮ್‌ಸ್ಯಾಟ್ ಕೂಡ ಹಾಗೇ ಇತ್ತು.

ನಿಂತಿರುವ ಹ್ಯಾಮ್ ಉಪಗ್ರಹವೂ ಒಂದಿದೆ, ಕ್ಯೂಓ-100. ಹಾಸನದಿಂದ ಪಶ್ಚಿಮಕ್ಕೆ, ಸುಮಾರು 259 ಡಿಗ್ರಿಯಲ್ಲಿ, 31 ಡಿಗ್ರಿ ಎತ್ತರಕ್ಕೆ ಡಿಶ್ ಕೂರಿಸಿಬಿಟ್ಟರೆ ರೊಟೇಟರೇ ಬೇಡ. ಈ ಪುಟವೂ ಬೇಡ.

ಓಡುವ ಉಪಗ್ರಹಕ್ಕೆ ಜಿ-5500 ಥರದ್ದು ಬೇಕು. ಅದರ ಬಾಕ್ಸಿನ ಹಿಂದೆ ಎರಡು ಬಗೆಯ ಸ್ಕ್ರೂ ಹೊಂದಾಣಿಕೆ ಇದೆ: ಫುಲ್ ಸ್ಕೇಲ್ ಮೀಟರಿಗೆ, ಔಟ್ ವೋಲ್ಟ್ ಕಂಪ್ಯೂಟರಿಗೆ. ಮೀಟರ್ ಸರಿ ತೋರಿಸಿ ಕಂಪ್ಯೂಟರ್ ತಪ್ಪು ತೋರಿಸಿದರೆ ಮುಟ್ಟಬೇಕಾದ್ದು ಎರಡನೆಯದನ್ನು. ತಲೆಯ ಮೇಲೆ ನೇರವಾಗಿ ದಾಟುವ ಉಪಗ್ರಹವನ್ನು ಹಿಂಬಾಲಿಸುವಾಗ ದಿಕ್ಕು ಕ್ಷಣದಲ್ಲಿ 180 ಡಿಗ್ರಿ ಬದಲಾಗುತ್ತದೆ, ಮೋಟಾರಿಗೆ ಅಷ್ಟು ವೇಗ ಇಲ್ಲ. ಎತ್ತರದ ಮೋಟಾರ್ 180 ಡಿಗ್ರಿವರೆಗೆ ಹೋಗುವುದರಿಂದ ಆಂಟೆನಾವನ್ನು ಹಿಂದಕ್ಕೆ ಬಗ್ಗಿಸಿ ಹಿಂಬಾಲಿಸುವ ಫ್ಲಿಪ್ ಸೆಟ್ಟಿಂಗ್ ತಂತ್ರಾಂಶದಲ್ಲಿ ಹುಡುಕಿ.

ಹೇಳಿದ ಡಿಗ್ರಿ ಮುಟ್ಟಿದ ಮೇಲೂ ಆಂಟೆನಾ ಅತ್ತ ಇತ್ತ ತೂಗಾಡ್ತಾ ಇರುತ್ತೆ, ರಿಲೇ ನಿಲ್ಲೋದೇ ಇಲ್ಲ.

ಅತಿ ನಿಖರತೆ ಕೇಳಿದ್ದೀರಿ. ಬೀಮ್ ಭಾರಕ್ಕೆ ಕರೆಂಟ್ ನಿಂತ ಮೇಲೂ ಒಂದೆರಡು ಡಿಗ್ರಿ ಮುಂದೆ ಹೋಗುತ್ತದೆ, ಕಂಪ್ಯೂಟರ್ ಹಿಂದಕ್ಕೆಳೆಯುತ್ತದೆ, ಅದು ಮತ್ತೆ ದಾಟುತ್ತದೆ. ಇಷ್ಟರೊಳಗಿದ್ದರೆ ಸಾಕು ಎನ್ನುವ ಮಿತಿ ಸೆಟ್ಟಿಂಗಿನಲ್ಲಿ ಇರುತ್ತದೆ, ಅದು 1 ಡಿಗ್ರಿ ಇದ್ದರೆ 5ಕ್ಕೆ ಏರಿಸಿ. ಮೂರು ಎಲಿಮೆಂಟಿನ, ಅಂದರೆ ಮೂರು ಕಡ್ಡಿಯ, ಯಾಗಿ ಆಂಟೆನಾದ ಸಿಗ್ನಲ್ ಹರಡುವ ಅಗಲವೇ 60 ಡಿಗ್ರಿಗೂ ಮೇಲೆ, ಐದು ಡಿಗ್ರಿ ತಪ್ಪಿದರೆ ಅತ್ತಲಿನವನಿಗೆ ತಿಳಿಯುವುದೇ ಇಲ್ಲ. ಉಪಗ್ರಹದ ಉದ್ದನೆ ಯಾಗಿಗೆ 2 ಅಥವಾ 3 ಇರಲಿ. ದಿಕ್ಕು ಬದಲಿಸುವ ನಡುವೆ ಎರಡು ಮೂರು ಸೆಕೆಂಡ್ ಕಾಯುವಂತೆಯೂ ಮಾಡಿ. ಶೆಡ್ಡಿನಲ್ಲಿರುವ ಮೂಡಿಗೆರೆಯ ಆ ಬಾಕ್ಸ್, ಮೂರರಲ್ಲಿ ನಿಜಕ್ಕೂ ಕೆಟ್ಟಿದ್ದ ಒಂದೇ ಒಂದು, ಬಂದದ್ದು ಇದೇ ಕಾರಣಕ್ಕೆ: ಮಿತಿ ಸೊನ್ನೆಗೆ ಇಟ್ಟು ಊಟಕ್ಕೆ ಹೋಗಿದ್ದರಂತೆ, ವಾಪಸ್ ಬರುವಷ್ಟರಲ್ಲಿ ರಿಲೇ ಕಾಂಟ್ಯಾಕ್ಟುಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು.